ಕೊನ್‌ಬಿನಿಯಲ್ಲಿ ಸಸ್ಯಾಹಾರ ಹುಡುಕಿದ ಹನ್ನೆರಡು ದಿನ

ಟೋಕಿಯೊದ ಉಎನೊದಲ್ಲಿ ಹೋಟೆಲ್ ಸೇರಿದಾಗ ರಾತ್ರಿ ಹನ್ನೊಂದು ದಾಟಿತ್ತು. ಹೊಟ್ಟೆ ಚುರುಗುಡುತ್ತಿತ್ತು. ಎದುರಿಗೇ ಒಂದು ಕೊನ್‌ಬಿನಿ ತೆರೆದಿತ್ತು. ಕನ್ವೀನಿಯೆನ್ಸ್ ಸ್ಟೋರ್ ಅನ್ನೋದನ್ನ ಜಪಾನಿನವರು ಮೊಟಕು ಮಾಡಿ ಹಾಗೆ ಕರೆಯುತ್ತಾರೆ. ಸೆವೆನ್-ಇಲೆವೆನ್, ಫ್ಯಾಮಿಲಿಮಾರ್ಟ್, ಲಾಸನ್ ಈ ಮೂರು ಹೆಸರಿನವೇ ಜಾಸ್ತಿ. ಬಹುಪಾಲು ಅಂಗಡಿಗಳು ದಿನದ 24 ಗಂಟೆಯೂ ತೆರೆದಿರುತ್ತವೆ.

ಆ ರಾತ್ರಿ ಕೊಂಬು ಒನಿಗಿರಿ ತಗೊಂಡೆ. ಒನಿಗಿರಿ ಅಂದರೆ ಮೂರು ಮೂಲೆಯ ಅನ್ನದ ಉಂಡೆ. ಕೊಂಬು ಅಂದರೆ ಸಮುದ್ರದ ಪಾಚಿ. ಅನ್ನ, ಪಾಚಿ, ಇದರಲ್ಲಿ ಮೀನು ಎಲ್ಲಿಂದ ಬರುತ್ತೆ ಅಂದುಕೊಂಡು ತಿಂದು ಮಲಗಿದೆ. ಬೆಳಿಗ್ಗೆ ಕವರಿನ ಹಿಂಬದಿಗೆ ಫೋನಿನ ಕ್ಯಾಮೆರಾ ಹಿಡಿದು ಅನುವಾದ ನೋಡಿದೆ. ಬೊನಿಟೊ ಮೀನಿನ ಸಾರ ಅಂತ ಬಂತು. ಹುಟ್ಟಿದಾಗಿನಿಂದ ಮೀನು ಮುಟ್ಟದವಳು ನಾನು. ತುಂಬಾ ಬೇಜಾರಾಯಿತು. ಅಂಗಡಿಯವರ ತಪ್ಪೇನೂ ಇಲ್ಲ. ಅವರು ಬರೆದಿದ್ದರು, ನಾನು ಓದಿರಲಿಲ್ಲ.

ನಮ್ಮ ಅಡುಗೆಗೆ ಒಗ್ಗರಣೆ ಹೇಗೋ, ಅಲ್ಲಿನ ಅಡುಗೆಗೆ ದಾಶಿ ಹಾಗೆ. ಒಣಗಿಸಿದ ಬೊನಿಟೊ, ಕೊಂಬು ಇವನ್ನೆಲ್ಲ ನೀರಿಗೆ ಹಾಕಿ ತೆಗೆದ ತಿಳಿ ಅದು. ತರಕಾರಿ ಪಲ್ಯದಲ್ಲೂ ಇರುತ್ತೆ, ಉಪ್ಪಿನಕಾಯಿಯಲ್ಲೂ ಇರಬಹುದು. ಕವರಿನ ಮೇಲಿನ ಅಲರ್ಜಿ ಪಟ್ಟಿಯನ್ನಷ್ಟೇ ನೋಡಿ ನಂಬಬೇಡಿ. ಅದರಲ್ಲಿ ಕಡ್ಡಾಯವಾಗಿ ಇರಬೇಕಾದ್ದು ಮೊಟ್ಟೆ, ಹಾಲು, ಗೋಧಿ, ಸಿಗಡಿ, ಏಡಿಯಂಥವು. ಬೊನಿಟೊ ಆ ಸಾಲಿನಲ್ಲಿಲ್ಲ. ಪೂರ್ತಿ ಸಾಮಗ್ರಿ ಪಟ್ಟಿಯನ್ನೇ ಓದಬೇಕು.

ಎರಡು ಅಕ್ಷರ ಕಲಿತೆ. ಮಾಂಸದ ಅಕ್ಷರ ಕೆಳಗೆ ತೆರೆದಿರುವ ಬಾಗಿಲ ಚೌಕಟ್ಟಿನ ಹಾಗಿದೆ, ಒಳಗೆ ಒಬ್ಬರ ಕೆಳಗೊಬ್ಬರು ಇಬ್ಬರು ನಿಂತಂತೆ. ಮೀನಿನ ಅಕ್ಷರದ ಬುಡದಲ್ಲಿ ನಾಲ್ಕು ಚುಕ್ಕಿ ಸಾಲಾಗಿವೆ. ಇವೆರಡು ಕಂಡರೆ ಸೀದಾ ವಾಪಸ್ ಇಡುತ್ತಿದ್ದೆ. ಕಾಣದಿದ್ದರೂ ಕ್ಯಾಮೆರಾ ಹಿಡಿಯುತ್ತಿದ್ದೆ, ಯಾಕೆಂದರೆ ಬೊನಿಟೊ ಹೆಸರನ್ನು ಬೇರೆ ಲಿಪಿಯಲ್ಲಿ ಬರೆಯೋದೂ ಉಂಟು.

ಹೀಗೆ ಹುಡುಕುವಾಗ ಸಿಕ್ಕಿದ್ದು ಶಿಯೊ ಮುಸುಬಿ, ಅಂದರೆ ಉಪ್ಪಿನ ಒನಿಗಿರಿ. ನಾನು ತಗೊಂಡದ್ದರಲ್ಲಿ ಅನ್ನ, ಉಪ್ಪು ಅಷ್ಟೇ. ಪಾಚಿ ಸುತ್ತಿದ ಒನಿಗಿರಿಯನ್ನು ಬಿಡಿಸೋದಕ್ಕೂ ಒಂದು ಕ್ರಮ ಇದೆ. ಕವರಿನ ಮೇಲೆ 1, 2, 3 ಅಂತ ಬರೆದಿರುತ್ತೆ. 1ರ ಪಟ್ಟಿಯನ್ನು ಮೇಲಿನಿಂದ ಎಳೆದು, ಬೆನ್ನ ಕಡೆಗೂ ಸುತ್ತಿಸಿ ತೆಗೆಯಬೇಕು. ಆಮೇಲೆ 2, 3ರ ಮೂಲೆಗಳನ್ನು ಎರಡು ಕಡೆ ಎಳೆಯಬೇಕು. ಪಾಚಿಯ ಹಾಳೆ ಎರಡು ಪ್ಲಾಸ್ಟಿಕ್ ಪದರದ ನಡುವೆ ಒಣಗಿಯೇ ಇರುತ್ತೆ, ಪದರ ಜಾರಿದಾಗ ಅನ್ನಕ್ಕೆ ಅಂಟಿಕೊಳ್ಳುತ್ತೆ. ಕಚ್ಚಿದರೆ ಹಪ್ಪಳದ ಹಾಗೆ ಕರುಂ ಅನ್ನುತ್ತೆ. ಇಷ್ಟು ಯೋಚನೆ ಮಾಡಿ ಕಟ್ಟಿದ್ದಾರಲ್ಲ ಅಂತ ಪ್ರತಿ ಸಲವೂ ಅನಿಸುತ್ತಿತ್ತು.

ಕೌಂಟರಿನಲ್ಲಿ ಕೇಳುವ ಪ್ರಶ್ನೆಗಳು ನಾಲ್ಕೈದೇ. 'ಫುಕುರೊ' ಅಂದರೆ ಚೀಲ ಬೇಕಾ ಅಂತ. 2020ರ ಜುಲೈನಿಂದ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು, ಹಾಗಾಗಿ ಬಟ್ಟೆ ಚೀಲ ಇಟ್ಟುಕೊಂಡಿದ್ದೆ. 'ಅತತಾಮೆಮಾಸ್ ಕಾ' ಅಂದರೆ ಬಿಸಿ ಮಾಡಿಕೊಡಲಾ ಅಂತ. ಬೇಕಿದ್ದರೆ 'ಹಾಯ್', ಬೇಡದಿದ್ದರೆ 'ದಾಯ್‌ಜೋಬು ದೆಸ್'. ನೋಟನ್ನು ಕೈಗೆ ಕೊಡಬೇಡಿ, ಮುಂದಿರುವ ಪುಟ್ಟ ತಟ್ಟೆಯಲ್ಲಿಡಿ. ಎಷ್ಟೋ ಕಡೆ ಯಂತ್ರಕ್ಕೆ ನಾವೇ ಹಾಕಬೇಕು. ನಗದು ಬೇಕಾದಾಗ ಸೆವೆನ್ ಬ್ಯಾಂಕಿನ ಎಟಿಎಂಗೆ ಹೋಗುತ್ತಿದ್ದೆ. ಹೊರದೇಶದ ಕಾರ್ಡ್ ತಗೊಳ್ಳುತ್ತೆ, ಇಂಗ್ಲಿಷೂ ಇದೆ. ಕಾಫಿಗೆ ಮೊದಲು ಕೌಂಟರಿನಲ್ಲಿ ದುಡ್ಡು ಕೊಟ್ಟು ಲೋಟ ತಗೊಂಡು, ಯಂತ್ರದಲ್ಲಿ ನೀವೇ ತುಂಬಿಸಿಕೊಳ್ಳಬೇಕು.

ಒಸಾಕಾದಲ್ಲಿ ಒಂದು ಸಂಜೆ ಟೊಮೆಟೊ ಪಾಸ್ತಾ ಕೈಯಲ್ಲಿ ಹಿಡಿದು ಕ್ಯಾಮೆರಾ ಒತ್ತುತ್ತಾ ನಿಂತಿದ್ದೆ. ಕೌಂಟರಿನ ಹುಡುಗ ಹತ್ತಿರ ಬಂದು ಹಿಂದಿಯಲ್ಲಿ, "ದೀದಿ, ವೆಜ್ಜಾ? ಇದು ಬೇಡ, ಇದರಲ್ಲಿ ಹಂದಿ ಮಾಂಸದ ಸಾರ ಇದೆ" ಅಂದ. ನೇಪಾಳದವನು, ಓದಲಿಕ್ಕೆ ಬಂದವನು. ಅಲ್ಲಿನ ಕೊನ್‌ಬಿನಿಗಳಲ್ಲಿ ನೇಪಾಳ, ವಿಯೆಟ್ನಾಂನ ವಿದ್ಯಾರ್ಥಿಗಳು ತುಂಬಾ ಜನ ದುಡಿಯುತ್ತಾರೆ. ಅವನೇ ನನ್ನನ್ನು ಇನ್ನೊಂದು ಕಪಾಟಿನ ಹತ್ತಿರ ಕರೆದುಕೊಂಡು ಹೋಗಿ ಬೆಂದ ಅನ್ನದ ಪ್ಯಾಕೆಟ್ ತೋರಿಸಿದ. ಪಕ್ಕದ ಫ್ರಿಜ್ಜಿನಲ್ಲಿ 400 ಗ್ರಾಮಿನ ಸಪ್ಪೆ ಮೊಸರು. "ಮೊಸರಲ್ಲೂ ಕೆಲವದಕ್ಕೆ ಜೆಲಟಿನ್ ಹಾಕ್ತಾರೆ, ಇದಕ್ಕಿಲ್ಲ" ಅಂತ ಓದಿ ಹೇಳಿದ. ಜೆಲಟಿನ್ ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯೋದು.

ಹೋಟೆಲಿನ ಮೈಕ್ರೋವೇವಿನಲ್ಲಿ ಅನ್ನಕ್ಕೆ ಎರಡು ನಿಮಿಷ. ಆರಲು ಬಿಟ್ಟು, ಕಿವುಚಿ, ಮೊಸರು, ಉಪ್ಪು ಬೆರೆಸಿದೆ. ಜಪಾನಿನ ಅಕ್ಕಿ ಅಂಟಂಟಾಗಿರೋದರಿಂದ ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ನಂಚಿಕೊಳ್ಳಲು ಉಮೆಬೋಶಿ. ಉಪ್ಪಿನಲ್ಲಿ ನೆನೆಸಿ ಒಣಗಿಸಿದ ಹುಳಿ ಹಣ್ಣು ಅದು. ಬೊನಿಟೊ ಸೇರಿಸಿದ್ದೂ ಸಿಗುತ್ತೆ, ಅದನ್ನು ಬಿಟ್ಟು ಹಣ್ಣು, ಉಪ್ಪು, ಶಿಸೊ ಎಲೆ ಮಾತ್ರ ಇದ್ದದ್ದನ್ನು ಆರಿಸಿದ್ದೆ. ನಾಲಿಗೆಗೆ ತಾಕಿದ ಕೂಡಲೇ ಕಣ್ಣು ಮುಚ್ಚಿಹೋಗುವಷ್ಟು ಹುಳಿ. ಮಿಡಿ ಉಪ್ಪಿನಕಾಯಿಯ ನೆನಪಾಯಿತು. ಆಮೇಲೆ ಉಳಿದ ಐದು ರಾತ್ರಿಯೂ ಇದೇ ನನ್ನ ಊಟ.

ಹೊರಡುವ ದಿನ ಪರ್ಸಿನ ತುಂಬಾ ಒಂದು, ಐದು, ಹತ್ತು ಯೆನ್ನಿನ ಚಿಲ್ಲರೆ. ಯಂತ್ರದ ಬಾಯಿಗೆ ಹಿಡಿ ಹಿಡಿಯಾಗಿ ಸುರಿದೆ. ತಾನೇ ಎಣಿಸಿಕೊಂಡು ಮಿಕ್ಕಿದ್ದನ್ನು ವಾಪಸ್ ಕೊಟ್ಟಿತು. ವಿಮಾನದಲ್ಲಿ ತಿನ್ನಲು ಎರಡು ಶಿಯೊ ಮುಸುಬಿ ಚೀಲಕ್ಕೆ ಹಾಕಿಕೊಂಡೆ.