ಕೀಲಿ, ಪಾಸ್‌ವರ್ಡ್, ಬಿಲ್: ಕ್ಯಾಂಪಸ್‌ನ ಕಂಪ್ಯೂಟರ್ ಕೆಲಸ ಹಂಚಿಕೊಳ್ಳುವುದು ಹೇಗೆ

ಕಕ್ಕಡದ ಮಳೆ, ಅಂದರೆ ನಮ್ಮ ಕೊಡಗಿನ ಜುಲೈ-ಆಗಸ್ಟ್‌ನ ಜೋರು ಮಳೆ. ಇಂಟರ್ನಲ್ ಅಂಕ ತುಂಬಲು ಅವತ್ತೇ ಕೊನೆ ದಿನ. ಕಾಮರ್ಸ್ ವಿಭಾಗದ ಮೇಡಂ ಒಬ್ಬರಿಗೆ ನೆಟ್ ಬರುತ್ತಿರಲಿಲ್ಲ. ಐಟಿ ಕೋಣೆಯಲ್ಲಿದ್ದ ನಾನು "ಕರೆಂಟಿನ ತೊಂದರೆ ಇರಬೇಕು, ಎಲೆಕ್ಟ್ರಿಷಿಯನ್‌ಗೆ ಹೇಳಿ" ಎಂದೆ. ಎಲೆಕ್ಟ್ರಿಷಿಯನ್ "ಯುಪಿಎಸ್ ಐಟಿಯವರದ್ದು" ಎಂದರು. ಮೇಡಂ ಕೊಡೆ ಹಿಡಿದು ಮೂರು ಕಟ್ಟಡ ಸುತ್ತಿದರು. ಸಂಜೆ 5ಕ್ಕೆ ನೋಡಿದರೆ, ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ, ಕಂಪ್ಯೂಟರ್‌ಗಳಿಗೆ ನೆಟ್ ಹಂಚುವ ನೆಟ್‌ವರ್ಕ್ ಸ್ವಿಚ್‌ನ ಯುಪಿಎಸ್ ಬ್ಯಾಟರಿ ಸತ್ತಿತ್ತು. ಬದಲಾಯಿಸಲು 10 ನಿಮಿಷ ಸಾಕಾಯಿತು.

ಆ ಪೆಟ್ಟಿಗೆಯ ಕೀಲಿ ನನ್ನ ಹತ್ತಿರ. ಬ್ಯಾಟರಿಯ ಬಿಲ್ ಕಟ್ಟಡ, ಕರೆಂಟ್ ನೋಡಿಕೊಳ್ಳುವ ಎಂಜಿನಿಯರಿಂಗ್ ವಿಭಾಗದ್ದು. ಎಡವಟ್ಟಾದದ್ದೇ ಅಲ್ಲಿ.

ಅದಕ್ಕೇ ಹೇಳುತ್ತೇನೆ, ಯಾವ ಕೆಲಸ ಯಾರದ್ದೆಂದು ಹಂಚಲು ಕೂರುವ ಮುಂಚೆ ಒಂದು ತಿಂಗಳು ಬಂದ ದೂರುಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಆಮೇಲೆ ಒಂದೊಂದಕ್ಕೂ ಮೂರು ಪ್ರಶ್ನೆ ಕೇಳಿ. ಕೀಲಿ ಯಾರ ಹತ್ತಿರ? ಪಾಸ್‌ವರ್ಡ್ ಯಾರಿಗೆ ಗೊತ್ತು? ಬಿಲ್ ಯಾರು ಕಟ್ಟುತ್ತಾರೆ? ಮೂರೂ ಒಂದೇ ಕಡೆ ಇದ್ದರೆ ಆ ಕೆಲಸ ಅವರದ್ದು, ಚರ್ಚೆ ಬೇಡ. ಬೇರೆ ಬೇರೆ ಕಡೆ ಇದ್ದರೆ ಒಟ್ಟಿಗೆ ತನ್ನಿ. ಆಗದಿದ್ದರೆ ಒಬ್ಬರ ಹೆಸರು ಬರೆಯಿರಿ. ವಿಭಾಗದ ಹೆಸರು ಸಾಲದು, ಮನುಷ್ಯರ ಹೆಸರು ಬೇಕು.

ಕೆಲವನ್ನು ಸೀಳಲೇಬೇಕಾಗುತ್ತದೆ. ಗ್ರಂಥಾಲಯದ ಲೆಕ್ಕವಿಡುವ ಕೋಹಾ ತಂತ್ರಾಂಶ ನೋಡಿ. ಪುಸ್ತಕ ಸೇರಿಸುವುದು, ಸದಸ್ಯರ ಖಾತೆ, ದಂಡದ ಲೆಕ್ಕ ಗ್ರಂಥಪಾಲಕರದ್ದು. ಸರ್ವರ್ ಮತ್ತು ಬ್ಯಾಕಪ್ ಐಟಿಯದ್ದು. ಯುಯುಸಿಎಂಎಸ್ ಬೇರೆ ಥರ. ಅದು ಕಾಲೇಜುಗಳ ಪ್ರವೇಶ, ಪರೀಕ್ಷೆ, ಫಲಿತಾಂಶ ನೋಡಿಕೊಳ್ಳುವ ರಾಜ್ಯದ ಆನ್‌ಲೈನ್ ವ್ಯವಸ್ಥೆ, ಸರ್ವರ್ ನಮ್ಮ ಕ್ಯಾಂಪಸ್‌ನಲ್ಲಿಲ್ಲ. ಫಲಿತಾಂಶ ಕಾಣಿಸದಿದ್ದರೆ ವಿದ್ಯಾರ್ಥಿಗಳನ್ನು ಐಟಿ ಕೋಣೆಗೆ ಕಳಿಸಿ ಏನೂ ಪ್ರಯೋಜನವಿಲ್ಲ. ಅದನ್ನು ಪರೀಕ್ಷಾ ವಿಭಾಗದವರೇ ಹಿಡಿಯಬೇಕು. ಪ್ರಿಂಟರ್‌ನ ಟೋನರ್, ಮೌಸ್ ಇಂಥವನ್ನು ವಿಭಾಗಗಳೇ ಇಂಡೆಂಟ್ ಹಾಕಿ ತರಿಸಿಕೊಳ್ಳಲಿ.

ನಮ್ಮ ಕೊಡಗಿನಲ್ಲಿ ಇನ್ನೆರಡು ಬರೆಯಲೇಬೇಕು. ಒಂದು, ಸಿಡಿಲು. ಕಾಫಿಯ ಹೂಮಳೆ ಶುರುವಾದರೆ ಗುಡುಗೂ ಶುರು. ಎಲ್ಲ ಕಟ್ಟಡಕ್ಕೂ ಐಟಿಯವರು ಓಡಲಾಗುವುದಿಲ್ಲ, ಪ್ಲಗ್ ಕೀಳುವುದು ಆಯಾ ವಿಭಾಗದ ಅಟೆಂಡರ್ ಕೆಲಸ ಎಂದು ಬರೆಯಿರಿ. ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಕೇಬಲ್ ಬದಲು ಫೈಬರ್ ಎಳೆಸುವುದು ಐಟಿಯ ಹೊಣೆ. ಫೈಬರ್‌ನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಎರಡನೆಯದು, ಬೂಷ್ಟು. ಮಳೆಗಾಲದಲ್ಲಿ ಸುಮ್ನೆ ಬೀರುವಿನಲ್ಲಿಟ್ಟ ಪ್ರೊಜೆಕ್ಟರ್ ಲೆನ್ಸ್‌ಗೂ ಹಿಡಿಯುತ್ತದೆ. ವಾರಕ್ಕೊಮ್ಮೆ ಆನ್ ಮಾಡುವುದು, ತೇವ ಹೀರುವ ಸಿಲಿಕಾ ಜೆಲ್ ಬದಲಾಯಿಸುವುದು ವಿಭಾಗದ ಕೆಲಸ.

ಇಷ್ಟೆಲ್ಲ ಹಂಚಿದ ಮೇಲೂ ದೂರು ಕೊಡುವವರಿಗೆ ಫೋನ್ ನಂಬರ್ ಒಂದೇ ಇರಲಿ. ಸ್ವಿಚ್ ಯಾವುದು, ಯುಪಿಎಸ್ ಯಾವುದು ಎಂದು ಚರಿತ್ರೆ ಮೇಷ್ಟ್ರು ಯಾಕೆ ತಿಳಿದಿರಬೇಕು, ಅಲ್ವಾ? ಫೋನ್ ಎತ್ತಿದವರು "ನಮ್ಮದಲ್ಲ" ಎನ್ನಬಾರದು. ಸಂಬಂಧಪಟ್ಟವರಿಗೆ ತಾವೇ ಹೇಳಿ, ಅವರು "ತಗೊಂಡೆ" ಎನ್ನುವವರೆಗೂ ಕೆಲಸ ಇವರದ್ದೇ. ನನಗೆ ಎಲ್ಲಕ್ಕಿಂತ ಮುಖ್ಯ ಇದು.

ಪ್ರತಿ ಹೆಸರಿನ ಪಕ್ಕ ಇನ್ನೊಂದು ಹೆಸರಿರಲಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಎಲ್ಲರೂ ಊರಿಗೆ ಹೋಗುತ್ತಾರೆ. ಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಿ ಪ್ರತಿ ಸ್ವಿಚ್ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿ. ಬರೀ ಕಾಗದ ಜುಲೈ ದಾಟುವುದಿಲ್ಲ.