ಮಂಗಳೂರಿಗೆ ಟಿಕೆಟ್ ಮಾಡುವ ಮೊದಲು ಸ್ಟೇಷನ್ ನೋಡಿ

ಹೊರಗಿನಿಂದ ಮಂಗಳೂರಿಗೆ ಬರುವವರು ಎಡವುವುದು ಒಂದೇ ಕಡೆ ಮಾರಾಯ್ರೆ: ಇಲ್ಲಿ ದೊಡ್ಡ ಸ್ಟೇಷನ್ ಎರಡಿವೆ. ಸೆಂಟ್ರಲ್ ಇರುವುದು ಹಂಪನಕಟ್ಟೆಯ ಪಕ್ಕ, ಪೇಟೆಯೊಳಗೆ. ಜಂಕ್ಷನ್ ಪಡೀಲ್ ಹತ್ತಿರ. ಹಳಬರಿಗೆ ಅದು ಇನ್ನೂ ಕಂಕನಾಡಿ ಸ್ಟೇಷನ್ನೇ. ಮುಂಬಯಿಯಿಂದ ಕೇರಳಕ್ಕೆ ಹೋಗುವ ನೇತ್ರಾವತಿಯಂಥ ರೈಲು ಜಂಕ್ಷನ್‌ನಲ್ಲಿ ನಿಂತು ಹೋಗುತ್ತದೆ, ಸೆಂಟ್ರಲ್‌ಗೆ ಬರುವುದಿಲ್ಲ. ಟಿಕೆಟ್‌ನಲ್ಲಿ ಎಂಎಕ್ಯೂ ಎಂದಿದ್ದರೆ ಸೆಂಟ್ರಲ್, ಎಂಎಜೆಎನ್ ಎಂದಿದ್ದರೆ ಜಂಕ್ಷನ್. ನಾನೇ ಒಮ್ಮೆ ಭಾವನನ್ನು ಕರೆದುಕೊಂಡು ಬರಲು ಸೆಂಟ್ರಲ್‌ಗೆ ಹೋಗಿ ಕಾದು ಕೂತಿದ್ದೆ, ಅವರು ಜಂಕ್ಷನ್‌ನಲ್ಲಿ ಬೈಯುತ್ತಾ ನಿಂತಿದ್ದರು!

ಬಸ್ಸಿಗೂ ಇದೇ ಕತೆ. ಕೆಎಸ್ಆರ್‌ಟಿಸಿ ನಿಲ್ದಾಣ ಬಿಜೈಯಲ್ಲಿ, ಸಿಟಿ ಬಸ್ಸು ಮತ್ತು ಉಡುಪಿ ಕಡೆಯ ಖಾಸಗಿ ಬಸ್ಸು ಪೇಟೆಯ ‘ಸ್ಟೇಟ್ ಬ್ಯಾಂಕ್’ ಎಂದು ಕರೆಯುವ ಜಾಗದ ಹತ್ತಿರ.

ಮಳೆಗಾಲದಲ್ಲಿ ಬೆಂಗಳೂರಿನಿಂದ ಬರುವವರು ಹೊರಡುವ ದಿನ ಬೆಳಿಗ್ಗೆ ಶಿರಾಡಿ ಘಾಟಿಯ ಸುದ್ದಿ ನೋಡಿಕೊಳ್ಳಿ. ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಚಾರ್ಮಾಡಿ ಅಥವಾ ಮಡಿಕೇರಿ ಮೇಲಿನ ಸಂಪಾಜೆ ದಾರಿಯೇ ಗತಿ, ಅವೂ ಸುರಕ್ಷಿತ ಇದ್ದರೆ. ರೈಲೇ ಮೇಲು ಎನ್ನಬೇಡಿ, ಸಕಲೇಶಪುರ–ಸುಬ್ರಹ್ಮಣ್ಯ ಹಳಿ ಮೇಲೂ ಮಣ್ಣು ಬೀಳುತ್ತದೆ.