ಓವರ್‌ವ್ಯೂನಲ್ಲಿ ವಿಂಡೋ ಹುಡುಕುವ ಕಷ್ಟ ಮತ್ತು ನಾನು ಕಂಡುಕೊಂಡ ದಾರಿ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ನನ್ನ ಡಿಟಿಪಿ ಅಂಗಡಿಯಲ್ಲಿ ಮದುವೆ ಹಂಗಾಮು ಬಂತೆಂದರೆ ಕನ್ನಡದ್ದೊಂದು, ಉರ್ದುವಿನದ್ದೊಂದು, ಮರಾಠಿಯದ್ದೊಂದು ಎಂದು ಲಗ್ನಪತ್ರಿಕೆಗಳ ಹತ್ತು ಹನ್ನೆರಡು ವಿಂಡೋಗಳು ಒಟ್ಟಿಗೆ ತೆರೆದಿರುತ್ತವೆ. ಉಬುಂಟು 22.04 ಎಂಬ ಲಿನಕ್ಸ್‌ನ ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲಿ ಸೂಪರ್ ಕೀ (ವಿಂಡೋಸ್ ಗುರುತಿನ ಕೀ) ಒತ್ತಿದರೆ ಅವೆಲ್ಲ ಚಿಕ್ಕದಾಗಿ ಪರದೆಯ ತುಂಬ ಹರಡಿಕೊಳ್ಳುತ್ತವೆ; ಈ ನೋಟವೇ ಓವರ್‌ವ್ಯೂ. ಪ್ರತಿಯೊಂದರ ಕೆಳಗೂ ಒಂದೇ ಲಿಬ್ರೆ ಆಫೀಸ್ ಐಕಾನ್ ಇರುತ್ತದೆ; ಕಡತದ ಹೆಸರು ಕಾಣಬೇಕಾದರೆ ಮೌಸ್ ಅದರ ಮೇಲೆ ಹೋಗಬೇಕು. ಹೀಗಿರುವಾಗ ಅರಿಶಿನ ಬಣ್ಣದ ಎರಡು ಪತ್ರಿಕೆಗಳ ನಡುವೆ ಗೊಂದಲವಾಗಿ, ಒಂದು ಮನೆಯ ಮುಹೂರ್ತವನ್ನು ಇನ್ನೊಂದು ಮನೆಯ ಪತ್ರಿಕೆಯಲ್ಲಿ ತಿದ್ದಿಬಿಟ್ಟೆ. ಪುಣ್ಯಕ್ಕೆ ಪ್ರೂಫ್ ನೋಡುವಾಗ ಸಿಕ್ಕಿಬಿತ್ತು.

ಆಮೇಲೆ ಓವರ್‌ವ್ಯೂ ತೋರಿಸುವ ಗ್ನೋಮ್ ಶೆಲ್ ಎಂಬ ಭಾಗದ ಕೋಡ್ ತೆರೆದು ನೋಡಿದೆ. ಪ್ರತಿ ವಿಂಡೋದ ಮಧ್ಯಬಿಂದು ಪರದೆಯಲ್ಲಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ನೋಡಿ ಅದು ಸಾಲುಗಳನ್ನು ಮಾಡುತ್ತದೆ, ಸಾಲಿನೊಳಗೆ ಎಡದಿಂದ ಬಲಕ್ಕೆ ಜೋಡಿಸುತ್ತದೆ, ಎಷ್ಟು ಸಾಲು ಮಾಡಿದರೆ ಚಿತ್ರಗಳು ದೊಡ್ಡದಾಗಿ ಕಂಡು ಜಾಗವೂ ಸದ್ಬಳಕೆಯಾಗುತ್ತದೆ ಎಂದು ಲೆಕ್ಕ ಹಾಕುತ್ತದೆ. ಚಿಕ್ಕ ವಿಂಡೋ ತೀರ ಸಣ್ಣಗಾಗದಂತೆ ಅದಕ್ಕೆ ಒಂದೂವರೆ ಪಟ್ಟಿನವರೆಗೆ ಹೆಚ್ಚಿನ ಅಳತೆ ಕೊಡುವುದು ಜಾಣತನವೇ ಸರಿ. ನಾನಾದರೋ ಎಲ್ಲ ವಿಂಡೋಗಳನ್ನೂ ಪೂರ್ತಿ ಹಿಗ್ಗಿಸಿ ಇಡುತ್ತಿದ್ದೆ. ಎಲ್ಲದರ ಮಧ್ಯಬಿಂದುವೂ ಒಂದೇ ಆದ ಮೇಲೆ ಯಾವುದು ಎಲ್ಲಿತ್ತೆಂಬ ಸುಳಿವು ಉಳಿಯುವುದಾದರೂ ಹೇಗೆ?

ಈಗ ಯಾವುದನ್ನೂ ಹಿಗ್ಗಿಸುವುದಿಲ್ಲ. ಕನ್ನಡ ಪ್ರತಿಯನ್ನು ಎಡ ಮೇಲ್ಮೂಲೆಯಲ್ಲಿ, ಉರ್ದುವನ್ನು ಬಲಕ್ಕೆ, ಗಿರಾಕಿ ಕಳಿಸಿದ ಹೆಸರುಗಳ ಪಟ್ಟಿಯನ್ನು ಕೆಳಗೆ ಇಡುತ್ತೇನೆ. ಓವರ್‌ವ್ಯೂನಲ್ಲಿಯೂ ಅವು ಬಹುಮಟ್ಟಿಗೆ ಆ ಕ್ರಮದಲ್ಲಿಯೇ ಬರುತ್ತವೆ. ಬಹುಮಟ್ಟಿಗೆ ಎಂದೆ, ಏಕೆಂದರೆ ಅಗಲವಾದ ವಿಂಡೋ ಇದ್ದರೆ ಮೇಲಿನ ಸಾಲು ಬೇಗ ತುಂಬಿ ಉರ್ದು ಪ್ರತಿ ಕೆಳಗಿನ ಸಾಲಿಗೆ ಜಾರುವುದುಂಟು. ಗ್ನೋಮ್‌ನಂಥದ್ದೇ ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾದ ಹಳೆಯ ‘ನ್ಯಾಚುರಲ್’ ಜೋಡಣೆ ಸಾಲು ಮಾಡುವ ಬದಲು ಒಂದರ ಮೇಲೊಂದು ಬಿದ್ದ ವಿಂಡೋಗಳನ್ನು ಅಕ್ಕಪಕ್ಕಕ್ಕೆ ಸರಿಸುತ್ತದೆ. ಜಾಗದ ನೆನಪಿಗೆ ಅದು ಒಳ್ಳೆಯದಾದರೂ ನನ್ನ ಕಣ್ಣಿಗೆ ಚೆಲ್ಲಾಪಿಲ್ಲಿ.

ಗಿರಾಕಿಯ ಒಪ್ಪಿಗೆಗೆ ಕಾದಿರುವ ಕೆಲಸಗಳನ್ನು ಮಿನಿಮೈಸ್ ಮಾಡಿ ಇಳಿಸಿಡುತ್ತೇನೆ; ಅವು ಪರದೆಯಿಂದ ಮರೆಯಾದರೂ ಗ್ನೋಮ್ ಅವನ್ನು ಓವರ್‌ವ್ಯೂನಲ್ಲಿ ತೋರಿಸುತ್ತಲೇ ಇರುತ್ತದೆ. ಮೊದಲ ದಿನ ಅಂಗಡಿಯ ಹುಡುಗ “ಅಣ್ಣಾ, ಪತ್ರಿಕೆ ಫೈಲು ಹೋಗ್ಯಾದ” ಎಂದು ಗಾಬರಿಯಾಗಿದ್ದ. ಪರದೆಯ ಪಕ್ಕದ ಐಕಾನ್ ಪಟ್ಟಿಯಾದ ಡಾಕ್‌ನಲ್ಲಿ ಐಕಾನ್ ಒತ್ತಿ ತೋರಿಸಬೇಕಾಯಿತು.